ಅತ್ತೆ ಓದಿದ ಕೊಲೆ

ಕಾದಂಬರಿಯ ಬಗ್ಗೆ ಮೊದಲ ಅಭಿಪ್ರಾಯ ಬಂದದ್ದು ಆಸ್ಪತ್ರೆಯ ಲಿಫ್ಟಿನಲ್ಲಿ. ಲಿಫ್ಟ್ ನಡೆಸುವವನು ಬಾಗಿಲು ಮುಚ್ಚಿದ, ಆದರೆ ಗುಂಡಿ ಒತ್ತದೆ ನಿಂತ.

"ಅಕ್ಕ, ಓದಿ ಮುಗಿಸಿದೆ. ಚೆನ್ನಾಗಿದೆ. ಆದ್ರೆ ಕೊಲೆ ಮಾಡಿದ್ದು ಮಹಡಿ ಮೇಲಿನ ಬಾಡಿಗೆಯವನು ಅಂತ ಮಾಡ್ಬೇಕಿತ್ತು. ನನಗೆ ಮೊದಲಿಂದ್ಲೂ ಅವನ ಮೇಲೇ ಅನುಮಾನ."

"ಅವನು ಮಾಡಿಲ್ವಲ್ಲ."

"ಮಾಡಿಲ್ಲ ಅಂತ ಆಮೇಲೆ ಗೊತ್ತಾಯ್ತು. ಅದಕ್ಕೇ ಬೇಜಾರು," ಎಂದು ಅವನು ಗುಂಡಿ ಒತ್ತಿದ.

ಅವಳು ಆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ವೈದ್ಯರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಎಕ್ಸ್‌ರೇ ಅಕ್ಕ. ಬಿಡುವಿನ ಮಧ್ಯಾಹ್ನಗಳಲ್ಲಿ ಕೂತು, ಹರಿದು ಬಿಸಾಕಿ, ಮತ್ತೆ ಬರೆದು, ವರ್ಷಗಟ್ಟಲೆ ಒದ್ದಾಡಿದ ಮೇಲೆ ಅವಳ ಮೊದಲ ಕಾದಂಬರಿ 'ಒಳಚಿಲಕ' ಅಚ್ಚಾಗಿತ್ತು. ಕಥೆ ಒಂದು ಮನೆಯೊಳಗಿನದು. ಮನೆಯ ಹಿರಿಮಗ ತನ್ನ ಕೋಣೆಯಲ್ಲಿ ಸತ್ತು ಬಿದ್ದಿರುತ್ತಾನೆ. ಕೋಣೆಗೆ ಒಳಗಿನಿಂದ ಚಿಲಕ. ಇನ್ಸ್‌ಪೆಕ್ಟರು ಮೊದಲು ಹೆಂಡತಿಯನ್ನು ಹಿಡಿಯುತ್ತಾನೆ, ಆಮೇಲೆ ತಮ್ಮನನ್ನು, ಆಮೇಲೆ ಬಾಡಿಗೆಯವನನ್ನು. ಕೊನೆಗೆ ತಿಳಿಯುತ್ತದೆ, ಹಾಲಿಗೆ ಮಾತ್ರೆ ಬೆರೆಸಿ ಕೊಟ್ಟವಳು ಹೆತ್ತ ತಾಯಿ. ಹಾಲು ಕುಡಿದ ಮಗ ಎಂದಿನಂತೆ ತಾನೇ ಚಿಲಕ ಹಾಕಿಕೊಂಡು ಮಲಗಿದ್ದ. ಅವನು ಹೆಂಡತಿಗೆ ಹೊಡೆಯುವುದನ್ನು ಆ ತಾಯಿ ಪಕ್ಕದ ಕೋಣೆಯಲ್ಲಿ ಕೂತು ವರ್ಷಾನುಗಟ್ಟಲೆ ಕೇಳಿಸಿಕೊಂಡಿದ್ದಳು.

ಆ ತಾಯಿ ಎಕ್ಸ್‌ರೇ ಕೋಣೆಯಿಂದಲೇ ಎದ್ದು ಬಂದವಳು. ಮುಂಗೈ ಮುರಿದುಕೊಂಡ ಹೆಂಗಸರು ಅಲ್ಲಿಗೆ ಬರುತ್ತಲೇ ಇದ್ದರು. ಎಲ್ಲರೂ ಬಚ್ಚಲಲ್ಲಿ ಜಾರಿದವರೇ. ಒಂದು ದಿನ ಹಾಗೆ ಬಂದ ಹುಡುಗಿಯ ಜೊತೆ ವಯಸ್ಸಾದ ಹೆಂಗಸೊಬ್ಬಳು ಇದ್ದಳು. ಹುಡುಗಿಯ ಚಪ್ಪಲಿ, ಕೈಚೀಲ ಎರಡನ್ನೂ ಎದೆಗೆ ಅವಚಿಕೊಂಡು, "ಮೂಳೆ ಕೂಡುತ್ತೇನಮ್ಮ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಹುಡುಗಿಯ ತಾಯಿ ಇರಬೇಕು ಅಂದುಕೊಂಡಿದ್ದರೆ, ಅಲ್ಲ, ಅತ್ತೆ. ಹೊಡೆದವನ ತಾಯಿ. ಆ ಮುಖ ಎಕ್ಸ್‌ರೇ ಅಕ್ಕನ ತಲೆಯಿಂದ ಇಳಿಯಲೇ ಇಲ್ಲ. ಮನೆಗೆ ಹೋಗಿ ಆ ಹೆಂಗಸು ಮಗನಿಗೆ ಊಟ ಬಡಿಸುತ್ತಾಳೆ ತಾನೆ, ಬಡಿಸುವಾಗ ಏನು ಯೋಚಿಸುತ್ತಾಳೆ, ಎಂಬಲ್ಲಿಂದ ಕಾದಂಬರಿ ಹುಟ್ಟಿತು.

ಆದರೆ ಕೊನೆಯ ಎರಡು ಪುಟ ಅವಳ ಇಷ್ಟದ್ದಾಗಿರಲಿಲ್ಲ. ಪ್ರಕಾಶಕರು ಹಸ್ತಪ್ರತಿ ಓದಿ ತಲೆ ಕೆರೆದುಕೊಂಡಿದ್ದರು. "ತಾಯಿ ಅಷ್ಟು ತಣ್ಣಗೆ ಮಗನನ್ನ ಕೊಂದ್ರೆ ಜನ ಒಪ್ಪಲ್ಲ ಕಣ್ರೀ. ಏನಾದ್ರೂ ಒಂದು ಕಾರಣ ಕೊಡಿ." ಕಾರಣ ಪುಸ್ತಕದ ಉದ್ದಕ್ಕೂ ಇದೆ ಎಂದು ಇವಳು ವಾದಿಸಿದಳು. ಕೊನೆಗೆ ಪುಸ್ತಕ ಹೊರಬಂದರೆ ಸಾಕು ಎಂದು, ಡಾಕ್ಟರೊಬ್ಬ ಬಂದು "ಇವರ ಬುದ್ಧಿ ಸ್ವಾಧೀನದಲ್ಲಿಲ್ಲ" ಎಂದು ಹೇಳುವ, ತಾಯಿಯನ್ನು ಮಾನಸಿಕ ಆಸ್ಪತ್ರೆಗೆ ಕರೆದೊಯ್ಯುವ ಎರಡು ಪುಟ ಬರೆದು ಕೊಟ್ಟಳು.

ಪುಸ್ತಕ ಕೈಯಿಂದ ಕೈಗೆ ಹೋಯಿತು. ಹೆರಿಗೆ ವಾರ್ಡಿನ ನರ್ಸು ಬಂದು, "ಮೊದಲ ಅಧ್ಯಾಯದಲ್ಲೇ ಸಾಯಿಸಿಬಿಟ್ರಲ್ಲ. ಇನ್ನೊಂದಷ್ಟು ನರಳಿಸಬೇಕಿತ್ತು," ಎಂದು ಗದರಿಸಿದಳು. ಮೂಳೆ ಡಾಕ್ಟರು ಹಾಲಿನಲ್ಲಿ ಮಾತ್ರೆಯ ಕಹಿ ಗೊತ್ತಾಗದೆ ಇರುತ್ತದೆಯೇ ಎಂದು ಕೇಳಿದರು. ಬೀದಿಯ ಕೊನೆಯ ಔಷಧಿ ಅಂಗಡಿಯವನು, ಗಂಡಸರನ್ನು ಕಂಡರೆ ನಿಮಗೆ ಯಾಕಿಷ್ಟು ಸಿಟ್ಟು ಎಂದು ಕೇಳಿ, ಚಿಲ್ಲರೆ ಕೊಡುವಾಗ ಮುಖ ತಿರುಗಿಸಿಕೊಂಡ.

ಅವಳ ಗಂಡ ನೀರು ಸರಬರಾಜು ಕಚೇರಿಯಲ್ಲಿ ದೂರು ವಿಭಾಗದವನು. ದಿನವಿಡೀ ಜನರ ಬೈಗುಳ ಕೇಳಿ, "ಆಯ್ತು, ನೋಡೋಣ" ಎಂದು ಹೇಳುವುದೇ ಕೆಲಸವಾಗಿ, ಮನೆಯಲ್ಲೂ ಅದೇ ಅಭ್ಯಾಸವಾಗಿತ್ತು. ಸಾಧು ಮನುಷ್ಯ. ಜಗಳದ ವಾಸನೆ ಬಡಿದರೆ ಒಗೆದ ಬಟ್ಟೆ ಮಡಚಲು ಕೂರುವವನು. ಕಚೇರಿಯಲ್ಲಿ ಯಾರೋ, "ಮನೇಲಿ ಹಾಲು ಕುಡಿಯೋ ಧೈರ್ಯ ಇದೆಯಾ ಸಾರ್?" ಎಂದಾಗ ಅವನೂ ನಕ್ಕಿದ್ದ. ಅದೇ ಮಾತನ್ನು ಬೇರೆ ಬೇರೆಯವರು ತಮ್ಮದೇ ಹೊಸ ಜೋಕು ಎಂಬಂತೆ ಹೇಳತೊಡಗಿದಾಗ ನಗುವುದು ಬಿಟ್ಟ.

ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಮಾಡಿದ ಒಂದು ತೀರ್ಮಾನವೆಂದರೆ ತಾಯಿಯೇ ಮಗನನ್ನು ಕೊಲ್ಲುವ ಈ ಪುಸ್ತಕ ಅತ್ತೆಯ ಕೈಗೆ ಸಿಗಬಾರದು ಎಂಬುದು. ಇದು ಸುಲಭದ ಕೆಲಸವಾಗಿರಲಿಲ್ಲ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು, ಪತ್ತೇದಾರಿ ಕಾದಂಬರಿ ಎಂದರೆ ಪ್ರಾಣ ಬಿಡುವವಳು. ಓಣಿಯ ಗ್ರಂಥಾಲಯದಲ್ಲಿದ್ದ ಕೊಲೆಗಳನ್ನೆಲ್ಲ ಓದಿ ಮುಗಿಸಿ, ಅರ್ಧ ಪುಸ್ತಕಕ್ಕೇ ಕೊಲೆಗಾರನ ಹೆಸರು ಹೇಳುವ ಮುದುಕಿ. ಅಂಥವಳ ಸೊಸೆ ಕೊಲೆಯ ಕಥೆ ಬರೆದು, ಅದನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಳು. "ಇನ್ನೂ ಅಚ್ಚಿನ ಮನೆಯಲ್ಲಿದೆ ಅತ್ತೆ," ಎಂದು ಹೇಳಿದರೆ ಅತ್ತೆ, "ಹೂಂ, ನಿಧಾನ ಜಾಸ್ತಿ ಅವರದ್ದು," ಎಂದು ಕನ್ನಡಕ ಒರೆಸಿಕೊಂಡಳು.

ಒಂದು ಭಾನುವಾರ ಬೆಳಿಗ್ಗೆ ನಾದಿನಿ ಬಂದಳು. ಗಂಡನ ತಂಗಿ, ಅದೇ ಊರಿನ ಇನ್ನೊಂದು ತುದಿಯಲ್ಲಿ ಇರುವವಳು. ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಿಗೇ ಬಂದು ನಿಂತಳು. ಅತ್ತೆ ಆಗ ಹಿತ್ತಲಿನಲ್ಲಿದ್ದಳು.

"ನಮ್ಮನೆ ವಿಷಯನ ಬೀದಿಗೆ ತಂದ್ಯಲ್ಲ ಅತ್ತಿಗೆ."

"ಯಾವ ವಿಷಯ?"

"ಏನೂ ಗೊತ್ತಿಲ್ದೋಳ ಥರ ಆಡ್ಬೇಡ. ದೊಡ್ಡಣ್ಣನ ವಿಷಯ. ನಿನಗೆ ಯಾರು ಹೇಳಿದ್ದು? ಇವನಾ?" ಎಂದು ಅವಳು ಅಣ್ಣನತ್ತ ನೋಡಿದಳು. ಅವನು ಆಗಲೇ ಬಟ್ಟೆ ಮಡಚತೊಡಗಿದ್ದ.

ಎಕ್ಸ್‌ರೇ ಅಕ್ಕನಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ. ಗಂಡನಿಗೆ ಒಬ್ಬ ಅಣ್ಣನಿದ್ದಾನೆ, ದೂರದ ಊರಿನಲ್ಲಿದ್ದಾನೆ, ಈ ಊರಿನ ಹವಾ ಅವನಿಗೆ ಒಗ್ಗಲಿಲ್ಲ ಎಂದಷ್ಟೇ ಮದುವೆಯ ಹೊತ್ತಿನಲ್ಲಿ ಕೇಳಿದ್ದಳು. ಆ ಭಾವ ಮದುವೆಗೂ ಬಂದಿರಲಿಲ್ಲ. ಫೋನು ಬರುತ್ತಿರಲಿಲ್ಲ. ಹವಾ ಒಗ್ಗದವರು ಹಬ್ಬ ಹರಿದಿನಕ್ಕಾದರೂ ಬರಬೇಕಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ ಗಂಡ, "ನೋಡೋಣ," ಎಂದಿದ್ದ.

"ನಾನು ಬರೆದದ್ದು ನಮ್ಮ ಆಸ್ಪತ್ರೆಗೆ ಬರೋ ಹೆಂಗಸರನ್ನ ನೋಡಿ. ನಿಮ್ಮ ಮನೆ ಕಥೆ ಅಲ್ಲ."

"ಹಿರಿಮಗ, ಹೆಂಡತಿಗೆ ಹೊಡೆಯೋನು, ಪಕ್ಕದ ಕೋಣೇಲಿ ತಾಯಿ. ಅದು ನಮ್ಮನೆ ಅಲ್ದೆ ಇನ್ಯಾರ ಮನೆ?"

"ಎಷ್ಟು ಮನೆ ಬೇಕು ನಿನಗೆ? ಒಂದು ದಿನ ನನ್ನ ಜೊತೆ ಎಕ್ಸ್‌ರೇ ರೂಮಲ್ಲಿ ನಿಂತು ನೋಡು."

ನಾದಿನಿಗೆ ಅದು ನಾಟಲಿಲ್ಲ. "ಕೊನೆ ಎರಡು ಪುಟ ಇದೆಯಲ್ಲ ಅಂತ ಸುಮ್ಮನಿದ್ದೀನಿ. ಅದೊಂದೇ ಸರಿಯಾಗಿ ಬರೆದಿರೋದು," ಎಂದು ಹೇಳಿ, ತಾಯಿ ಹಿತ್ತಲಿನಿಂದ ಬರುವಷ್ಟರಲ್ಲಿ ಹೊರಟೇ ಹೋದಳು.

ಆ ಮೇಲೆ ಎಕ್ಸ್‌ರೇ ಅಕ್ಕ ಗಂಡನ ಎದುರು ಕೂತು, ಅವನ ಕೈಯಲ್ಲಿದ್ದ ಅಂಗಿಯನ್ನು ಕಿತ್ತು ಪಕ್ಕಕ್ಕಿಟ್ಟಳು.

"ಅಣ್ಣ ಅತ್ತಿಗೆಗೆ ಹೊಡೀತಿದ್ದ," ಎಂದ ಅವನು. "ನಾನು ಆಗ ಟ್ರೈನಿಂಗ್‌ಗೆ ಅಂತ ಬೇರೆ ಊರಲ್ಲಿದ್ದೆ. ಅಮ್ಮ ಅವನನ್ನ ಮನೆಯಿಂದ ಆಚೆಗೆ ಹಾಕಿದ್ಲು. ಅತ್ತಿಗೆ ಒಂದಷ್ಟು ದಿನ ಅಮ್ಮನ ಜೊತೆಗೇ ಇದ್ದು, ಕೆಲಸ ಹುಡುಕಿಕೊಂಡು ಹೋದ್ರು. ಅಷ್ಟೇ."

"ಇದು ಅಷ್ಟೇನಾ?"

ಅವನು ಆ ಅಂಗಿಯನ್ನೇ ಮತ್ತೆ ಕೈಗೆತ್ತಿಕೊಂಡ. "ಎರಡನೇ ಮುದ್ರಣ ಆದ್ರೆ, ಆ ತಾಯಿ ಪಾತ್ರನ ತೆಗೆದು ಬೇರೆ ಯಾರನ್ನಾದ್ರೂ ಹಾಕೋಕಾಗುತ್ತಾ?" ಎಂದ.

"ಅಂಗಡೀಲಿ ಅಂಗಿ ಬದಲಾಯಿಸಿದ ಹಾಗಲ್ಲ ಅದು."

ವಿಚಿತ್ರವೆಂದರೆ ಪ್ರಕಾಶಕರೂ ಆ ವಾರವೇ ಅದನ್ನೇ ಕೇಳಿದರು. ಮೊದಲ ಮುದ್ರಣ ಮುಗಿದಿತ್ತು. ಗ್ರಂಥಾಲಯಗಳಿಗೆ ಪುಸ್ತಕ ಆರಿಸುವ ಸಮಿತಿಗೆ ಕಥೆ ಹಿಡಿಸಿತ್ತು, ಆದರೆ ತಾಯಿ ಕೊಲೆಗಾರ್ತಿಯಾಗುವುದು ಹಿಡಿಸಿರಲಿಲ್ಲ. "ಬಾಡಿಗೆಯವನು ಇದ್ದಾನಲ್ಲ, ಅವನ ಮೇಲೆ ಹಾಕಿಬಿಡಿ. ಯಾರಿಗೂ ನೋವಾಗಲ್ಲ," ಎಂದರು ಪ್ರಕಾಶಕರು.

"ಬಾಡಿಗೆಯವನಿಗೆ ನೋವಾಗುತ್ತಲ್ಲ," ಎಂದಳು ಅವಳು. ಪ್ರಕಾಶಕರು ನಗಲಿಲ್ಲ. ಯೋಚಿಸಿ ಹೇಳಿ ಎಂದು ಫೋನಿಟ್ಟರು.

ಅವಳು ಯೋಚಿಸಿದಳು. ಆ ದಿನಗಳಲ್ಲಿ ಎಕ್ಸ್‌ರೇ ಕಿರಣ ತಡೆಯಲು ತೊಡುವ ಸೀಸದ ಏಪ್ರನ್ ಅನ್ನು ಹೆಗಲಿಗೇರಿಸುವಾಗ ಅದು ಎಂದಿಗಿಂತ ಭಾರ ಎನ್ನಿಸುತ್ತಿತ್ತು. ಒಂದು ಕಡೆ ಗಂಡ ಮುಖ ಸಣ್ಣದು ಮಾಡಿಕೊಂಡು ಓಡಾಡುತ್ತಿದ್ದ. ಇನ್ನೊಂದು ಕಡೆ ನಾದಿನಿ ನೆಂಟರಿಗೆಲ್ಲ ಫೋನು ಮಾಡಿ ಪುಸ್ತಕದ ವಿಷಯ ಊರೆಲ್ಲ ಹಬ್ಬಿಸಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ಏನೂ ಗೊತ್ತಿಲ್ಲದೆ ತಾನು ಅತ್ತೆಯ ಬದುಕಿನ ಮೇಲೆ ಕೈಯಿಟ್ಟೆನೇನೋ ಎಂಬ ಅಳುಕು ಇತ್ತು. ಬದಲಾಯಿಸಿಬಿಡೋಣ, ಒಂದು ಪುಸ್ತಕ ತಾನೆ, ಎಂಬಲ್ಲಿಗೆ ಮನಸ್ಸು ಬಂದು ನಿಂತಿತ್ತು.

ಹಾಗೆ ನಿಂತಿದ್ದ ಒಂದು ಸಂಜೆ ಅತ್ತೆ ಜಗಲಿಯಿಂದ ಕೂಗಿದಳು. ಮಡಿಲಲ್ಲಿ ಹಳೆಯ ಪತ್ರಿಕೆಯ ಹೊದಿಕೆ ಹಾಕಿದ ಪುಸ್ತಕ. ಪಕ್ಕದ ಮನೆಯ ಟೈಲರ್ ಹೆಂಗಸಿನಿಂದ ತಂದು, ಆಗಲೇ ಎರಡು ಸಲ ಓದಿಯಾಗಿತ್ತು.

"ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದು ನಿನ್ನ ಪ್ರತಿ. ನಾನು ಮುಟ್ಟಿಲ್ಲ," ಎಂದಳು ಅತ್ತೆ. "ಕೂತ್ಕೋ."

ಅವಳು ಕೂತಳು.

"ಮೂರನೇ ಅಧ್ಯಾಯಕ್ಕೇ ನನಗೆ ಗೊತ್ತಾಯ್ತು ಯಾರು ಮಾಡಿದ್ದು ಅಂತ. ಹಾಲಿನ ಲೋಟ ಅವಳೇ ಯಾಕೆ ತೊಳೀಬೇಕು, ಸೊಸೆ ಇರುವಾಗ? ಅದನ್ನ ಇನ್ನೂ ಸ್ವಲ್ಪ ಮುಚ್ಚಿಡಬೇಕಿತ್ತು ನೀನು. ಇನ್ಸ್‌ಪೆಕ್ಟರು ಪೂರ್ತಿ ದಡ್ಡ. ಅದು ಬಿಡು, ಎಲ್ಲ ಪುಸ್ತಕದಲ್ಲೂ ಅವನು ದಡ್ಡನೇ. ಕೊಲೆ ಚೆನ್ನಾಗಿದೆ."

"ಅತ್ತೆ, ನನಗೆ ಭಾವನ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ರೆ..."

"ಗೊತ್ತಿದ್ರೆ ಬರೀತಿರಲಿಲ್ಲ. ಅದಕ್ಕೇ ಗೊತ್ತಿಲ್ದೆ ಇದ್ದದ್ದು ಒಳ್ಳೇದಾಯ್ತು." ಅತ್ತೆ ಪುಸ್ತಕದ ಕೊನೆಯ ಹಾಳೆಗಳನ್ನು ತೆರೆದು ಬೆರಳಿಟ್ಟಳು. "ನನಗೆ ಇದೊಂದು ಹೇಳು. ಇವಳಿಗೆ ಯಾಕೆ ಹುಚ್ಚು ಹಿಡಿಸಿದೆ?"

"ಪ್ರಕಾಶಕರು..."

"ಪ್ರಕಾಶಕರನ್ನ ಬಿಡು. ಇನ್ನೂರು ಪುಟ ಅವಳ ತಲೆ ನೆಟ್ಟಗಿತ್ತು. ಮನೆಗೆಲ್ಲ ಅವಳ ತಲೆ ಒಂದೇ ನೆಟ್ಟಗಿದ್ದದ್ದು. ಇಲ್ಲಿ ಒಬ್ಬ ಡಾಕ್ಟರು ಬಂದು, ಟಾರ್ಚು ಹಾಕಿ ಕಣ್ಣು ನೋಡಿ, ನೆಟ್ಟಗಿಲ್ಲ ಅಂತಾನೆ. ಇವಳೂ ಸುಮ್ಮನೆ ವ್ಯಾನು ಹತ್ತುತ್ತಾಳೆ. ನಾನು ಹತ್ತಲಿಲ್ಲ."

ಆಗ ಅತ್ತೆ ಹೇಳಿದಳು. ಹಿರಿಯ ಮಗನ ಬಟ್ಟೆಬರೆಗಳನ್ನು ಟ್ರಂಕಿಗೆ ತುಂಬಿ ಗೇಟಿನ ಆಚೆ ಇಟ್ಟದ್ದು, ಅದರ ಮೇಲೆ ಅವನ ಹಲ್ಲುಜ್ಜುವ ಬ್ರಷ್ಷನ್ನೂ ಮರೆಯದೆ ಇಟ್ಟದ್ದು. ಮನೆ ತನ್ನ ಸಂಬಳದಲ್ಲಿ ಕಟ್ಟಿದ್ದು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸೊಸೆಯನ್ನು ಹೊರಹಾಕಿದ್ದರೆ ಒಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ಮಗನನ್ನು ಹಾಕಿದ್ದಕ್ಕೆ ತಲೆ ಕೆಟ್ಟಿದೆ ಎಂದರು. ಆಗಷ್ಟೇ ಮದುವೆಯಾಗಿದ್ದ ಮಗಳು, ತನ್ನ ಸೋದರಮಾವನನ್ನು ಜೊತೆ ಮಾಡಿಕೊಂಡು, ಕಣ್ಣು ತೋರಿಸೋಣ ಬಾ ಎಂದು ಸುಳ್ಳು ಹೇಳಿ ಮನೋವೈದ್ಯರ ಹತ್ತಿರ ಕರೆದೊಯ್ದಳು. ಆಸ್ಪತ್ರೆಗೆ ಸೇರಲು ಅತ್ತೆ ಒಪ್ಪದಿದ್ದಾಗ ವೈದ್ಯರು ಮಾತ್ರೆ ಬರೆದುಕೊಟ್ಟರು. ಅತ್ತೆ ಆ ಮಾತ್ರೆಗಳನ್ನು ಅಂಗಡಿಯಿಂದ ತರುವ ದಾರಿಯಲ್ಲೇ ಚರಂಡಿಗೆ ಹಾಕಿದಳು. ಎಕ್ಸ್‌ಚೇಂಜಿನಲ್ಲೂ ಸುದ್ದಿ ಹಬ್ಬಿತು. ಜೊತೆಯವರು ಎಷ್ಟೋ ದಿನ ಅವಳ ಜೊತೆ ಮಕ್ಕಳ ಹತ್ತಿರ ಮಾತಾಡುವ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು.

"ಅವನು ಕೆಟ್ಟವನು ಅಂತ ಯಾರೂ ಹೇಳಲಿಲ್ಲ. ನನಗೆ ಹುಚ್ಚು ಅಂತ ಎಲ್ಲರೂ ಹೇಳಿದ್ರು," ಎಂದಳು ಅತ್ತೆ. "ನೀನೂ ಅದನ್ನೇ ಹೇಳಿದೀಯ. ಚೆನ್ನಾಗಿ ಬರೆದು ಹೇಳಿದೀಯ, ಅಷ್ಟೇ ವ್ಯತ್ಯಾಸ."

ಇಷ್ಟು ದಿನ ಎಲ್ಲರೂ ಕಥೆಯನ್ನು ಮೆತ್ತಗೆ ಮಾಡು ಎಂದವರೇ. ಮೆತ್ತಗಾಯಿತು ಎಂದು ಬೈದವಳು ಇವಳೊಬ್ಬಳೇ.

ಆ ತಿಂಗಳ ಕೊನೆಯ ಶನಿವಾರ ಓಣಿಯ ಗ್ರಂಥಾಲಯದಲ್ಲಿ 'ಒಳಚಿಲಕ'ದ ಮೇಲೆ ಓದುಗರ ಚರ್ಚೆ ಇತ್ತು. ಅತ್ತೆ ಬೆಳಿಗ್ಗೆಯೇ ಇಸ್ತ್ರಿ ಸೀರೆ ತೆಗೆದಿಟ್ಟಳು. ಬೇಡಮ್ಮ, ಮೆಟ್ಟಿಲು ಹತ್ತಬೇಕು, ಎಂದ ಮಗ. "ನೀನು ಬೆನ್ನ ಹಿಂದೆ ಹತ್ತು, ಬಿದ್ರೆ ನಿನ್ನ ಮೇಲೆ ಬೀಳ್ತೀನಿ," ಎಂದಳು ಅವಳು.

ಮಹಡಿಯ ಮೇಲಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಗೋಡೆಗೆ ಒರಗಿ ಪ್ರಕಾಶಕರು ಕೂತಿದ್ದರು. ಕೊನೆಯ ಸಾಲಿನಲ್ಲಿ ನಾದಿನಿಯೂ ಇದ್ದಳು. ತಾಯಿಯನ್ನು ಕಂಡು ಅವಳು ಅರ್ಧ ಎದ್ದು, ಮತ್ತೆ ಕೂತಳು.

ಗ್ರಂಥಪಾಲಕಿ ಚರ್ಚೆ ಶುರು ಮಾಡಿದ್ದೇ ತಡ, ಮೊದಲು ಎದ್ದವರು ನಿವೃತ್ತ ಪೊಲೀಸ್ ಅಧಿಕಾರಿ. ಯಾವ ಇನ್ಸ್‌ಪೆಕ್ಟರೂ ಹಾಲಿನ ಲೋಟವನ್ನು ಮರೆಯುವುದಿಲ್ಲ, ಇದು ಇಲಾಖೆಗೇ ಅವಮಾನ ಎಂದರು. ಶಾಲೆಯ ಮೇಷ್ಟರಿಗೆ ಭಾಷೆ ಮೆಚ್ಚುಗೆಯಾಗಿತ್ತು, ಕಥೆ ಆಗಿರಲಿಲ್ಲ. ತಾಯಿ ಎಂಬ ಒಂದು ಪದವನ್ನಾದರೂ ಲೇಖಕಿ ಮುಟ್ಟದೆ ಬಿಡಬೇಕಿತ್ತು ಎಂದರು. ವಕೀಲಿ ಓದುತ್ತಿದ್ದ ಹುಡುಗಿಯೊಬ್ಬಳು, "ಅವನಿಗೆ ಹೆಂಡತಿ ವಿಷ ಹಾಕಿದ್ರೆ ನಿಮಗೆ ಓಕೆ, ತಾಯಿ ಹಾಕಿದ್ರೆ ಮಾತ್ರ ಓಕೆ ಅಲ್ಲ, ಹೌದಾ ಸರ್?" ಎಂದು ಅವರನ್ನು ಕೇಳಿದಳು. ಮೇಷ್ಟರು ನನಗೆ ಯಾರು ವಿಷ ಹಾಕಿದರೂ ಓಕೆ ಅಲ್ಲ ಎಂದರು. ಜನ ನಕ್ಕರು.

ಆಗ ಹಿಂದಿನ ಸಾಲಿನಿಂದ ನಾದಿನಿ ಮಾತಾಡಿದಳು. ಯಾರ ಕಡೆಗೂ ನೋಡದೆ, ಎದುರಿನ ಕುರ್ಚಿಯ ಬೆನ್ನು ಹಿಡಿದುಕೊಂಡು ಮಾತಾಡಿದಳು.

"ನನ್ನ ಪ್ರಕಾರ ಪುಸ್ತಕ ಉಳಿದಿರೋದೇ ಕೊನೆ ಎರಡು ಪುಟದಿಂದ. ಸ್ವಂತ ಮಗನಿಗೆ ಹಾಗೆ ಮಾಡೋಳ ತಲೆ ಸರಿ ಇರೋಕೆ ಸಾಧ್ಯ ಇಲ್ಲ. ಅವಳ ಮನೆಯವರು ಅವಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದು ತಪ್ಪಲ್ಲ. ಪ್ರೀತಿಯಿಂದಾನೇ ಕರ್ಕೊಂಡು ಹೋಗಿದ್ದು."

ಕೋಣೆಯ ಎಷ್ಟೋ ತಲೆಗಳು ಹೌದು ಎಂದು ಆಡಿದವು. ಅತ್ತೆ ಮುಂದಿನ ಸಾಲಿನಲ್ಲಿ ಕೂತಲ್ಲಿಂದಲೇ, ತಿರುಗದೆ ಕೇಳಿದಳು.

"ಆ ತಾಯಿ ಹನ್ನೊಂದು ವರ್ಷ ಪಕ್ಕದ ಕೋಣೇಲಿ ಕೂತು ಕೇಳಿಸಿಕೊಂಡ್ಲಲ್ಲ. ಅವತ್ತು ಯಾಕೆ ಯಾರೂ ಅವಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಲಿಲ್ಲ?"

"ಅವತ್ತು ಅವಳು ಏನೂ ಮಾಡಿರಲಿಲ್ಲವಲ್ಲ."

"ಅದೇ. ಏನೂ ಮಾಡದೆ ಕೂತಿದ್ದಾಗ ಅವಳ ತಲೆ ಸರಿ ಇತ್ತು. ಎದ್ದು ನಿಂತ ದಿನ ಕೆಟ್ಟುಹೋಯ್ತು."

"ಅವಳ ಮಗಳ ಬಗ್ಗೆ ಪುಸ್ತಕದಲ್ಲಿ ಯಾರೂ ಯೋಚನೆ ಮಾಡಿಲ್ಲ," ಎಂದಳು ನಾದಿನಿ. "ಒಂದೇ ದಿನಕ್ಕೆ ಅಣ್ಣನೂ ಹೋದ, ಅಮ್ಮನೂ ಯಾರೋ ಆಗಿಬಿಟ್ಟಳು. ಆ ಮಗಳು ಏನು ಮಾಡ್ಬೇಕಿತ್ತು?"

ಅಂಥ ಮಗಳೊಬ್ಬಳು ಪುಸ್ತಕದಲ್ಲಿ ಇಲ್ಲವೇ ಇಲ್ಲ ಎಂದು ಯಾರೋ ಪುಟ ತಿರುವಿ ಹುಡುಕತೊಡಗಿದರು. ಅತ್ತೆ ಈಗ ಕುರ್ಚಿಯಲ್ಲಿ ಹೊರಳಿ ಹಿಂದಕ್ಕೆ ನೋಡಿದಳು.

"ಕೇಳಬೇಕಿತ್ತು," ಎಂದಳು. "ಯಾಕಮ್ಮ ಹೀಗೆ ಮಾಡಿದೆ ಅಂತ ಕೇಳಬೇಕಿತ್ತು. ಅವಳು ಹೇಳ್ತಿದ್ಲು."

ನಾದಿನಿ ಕೈಚೀಲ ಎತ್ತಿಕೊಂಡು, ಕಾಲುಗಳನ್ನು ದಾಟುತ್ತ, ಬಾಗಿಲ ಹೊರಗೆ ಹೋದಳು. ಓದುಗರು ಇದು ಬಿಸಿ ಚರ್ಚೆ ಎಂದಷ್ಟೇ ತಿಳಿದರು. ಎಕ್ಸ್‌ರೇ ಅಕ್ಕನ ಗಂಡ ಮಾತ್ರ ಎದ್ದು, ಹೆಂಡತಿಯ ಕಡೆಗೂ ತಾಯಿಯ ಕಡೆಗೂ ನೋಡಿ, ತಂಗಿಯ ಹಿಂದೆ ಹೋದ.

ಲೇಖಕಿ ಏನಾದರೂ ಹೇಳಬೇಕು ಎಂದು ಗ್ರಂಥಪಾಲಕಿ ಮೈಕು ಕೊಟ್ಟಳು. ಎಕ್ಸ್‌ರೇ ಅಕ್ಕ ಬರೆದು ತಂದ ಧನ್ಯವಾದದ ಮಾತುಗಳನ್ನು ಪಕ್ಕಕ್ಕಿಟ್ಟಳು.

"ಕೊನೆಯ ಎರಡು ಪುಟ ನಾನು ಹೆದರಿ ಬರೆದದ್ದು. ಎರಡನೇ ಮುದ್ರಣದಲ್ಲಿ ಅವು ಇರೋದಿಲ್ಲ. ಬಾಡಿಗೆಯವನೂ ಕೊಲೆ ಮಾಡೋದಿಲ್ಲ. ಆ ತಾಯಿ ಇನ್ಸ್‌ಪೆಕ್ಟರ ಎದುರು ಕೂತು, ನಾನೇ ಮಾಡಿದ್ದು, ಯಾಕೆ ಅಂತ ಹೇಳ್ತೀನಿ ಬರ್ಕೋ, ಅಂತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತೆ. ಹಿಡಿಸದವರು ಓದಬೇಡಿ."

ಒಂದಷ್ಟು ಜನ ಚಪ್ಪಾಳೆ ತಟ್ಟಿದರು. ಮೇಷ್ಟರು ತಟ್ಟಲಿಲ್ಲ. ಲೇಖಕಿಯ ಹತ್ತಿರ ಬಂದು, "ನಾನು ಒಪ್ಪೋದಿಲ್ಲ. ಆದ್ರೆ ಹೊಸ ಮುದ್ರಣ ಬಂದಾಗ ಹೇಳಿ, ಒಪ್ಪದೆ ಇರೋಕಾದ್ರೂ ಓದಬೇಕಲ್ಲ," ಎಂದರು.

ಪ್ರಕಾಶಕರು ಮೆಟ್ಟಿಲ ಬಳಿ ಕಾದಿದ್ದರು. ಸಮಿತಿ ಕೈಬಿಡುತ್ತದೆ, ಗ್ರಂಥಾಲಯಗಳು ಕೊಳ್ಳುವುದಿಲ್ಲ, ನಿಮ್ಮ ಹಠಕ್ಕೆ ನನ್ನನ್ನು ಯಾಕೆ ಮುಳುಗಿಸುತ್ತೀರಿ ಎಂದರು. ಹಾಗಾದರೆ ಪುಸ್ತಕ ನನಗೆ ವಾಪಸ್ ಕೊಡಿ, ಬೇರೆಯವರಿಂದ ಅಚ್ಚು ಹಾಕಿಸುತ್ತೇನೆ ಎಂದಳು ಅವಳು. ಮೆಟ್ಟಿಲು ಇಳಿಯಲು ಸೊಸೆಯ ಭುಜ ಹಿಡಿದಿದ್ದ ಅತ್ತೆ, "ನನಗೆ ಕಾಲು ನೋಯ್ತಿದೆ, ಬೇಗ ಹೂಂ ಅನ್ನಿ," ಎಂದಳು. ಪ್ರಕಾಶಕರು ಅವತ್ತು ಹೂಂ ಅನ್ನಲಿಲ್ಲ. ಮುನಿಸಿಕೊಂಡು, ಫೋನು ಎತ್ತದೆ, ಬಹಳ ದಿನ ಸತಾಯಿಸಿದರು. ಕೊನೆಗೆ ಇನ್ನೊಬ್ಬರು ಕೇಳುತ್ತಿದ್ದಾರೆ ಎಂಬ ಸುದ್ದಿ ಕಿವಿಗೆ ಬಿದ್ದ ಮೇಲೆ, ಅವಳು ಹೇಳಿದ ಹಾಗೆಯೇ ಅಚ್ಚು ಹಾಕಿದರು. ಸಮಿತಿ ನಿಜಕ್ಕೂ ಕೈಬಿಟ್ಟಿತು. ಪುಸ್ತಕ ಮಾತ್ರ ನಿಧಾನಕ್ಕೆ ಊರೂರು ಸುತ್ತಿತು.

ಗಂಡನ ಕಚೇರಿಯ ಜೋಕು ಮುಂದುವರಿಯಿತು. ಒಂದು ದಿನ ಅವನು, ಹಾಲಿನ ಮಾತೆತ್ತಿದವನಿಗೆ, "ನಾನು ದಿನಾ ಕುಡೀತೀನಿ. ಹೆದರೋ ಅಂಥದ್ದೇನೂ ಮಾಡಿಲ್ಲ. ನೀವು?" ಎಂದು ಕೇಳಿದನಂತೆ. ಅದನ್ನು ಅವನಾಗಿ ಮನೆಯಲ್ಲಿ ಹೇಳಲಿಲ್ಲ, ಯಾರದೋ ಬಾಯಿಂದ ಅವಳಿಗೆ ಗೊತ್ತಾಯಿತು. ನಾದಿನಿ ಬರುವುದು ನಿಲ್ಲಿಸಿದ್ದಳು. ತಾಯಿಗೆ ಫೋನು ಮಾಡುತ್ತಿದ್ದಳು, ಬಿಸಿಲು, ಸೊಂಟನೋವು ಎಂದು ಏನೇನೋ ಮಾತಾಡಿ ಇಡುತ್ತಿದ್ದಳು. ಕೇಳಬೇಕಾದದ್ದನ್ನು ಇನ್ನೂ ಕೇಳಿರಲಿಲ್ಲ.

ಹೊಸ ಮುದ್ರಣ ಬಂದು ಕೆಲವು ತಿಂಗಳಾಗಿರಬೇಕು. ಬೆಳಗಿನ ಪಾಳಿ ಮುಗಿಸಿ ಬಂದು ಅವಳು ಊಟಕ್ಕೆ ಕೂರುವಾಗ ಗೇಟು ಸದ್ದಾಯಿತು. ಹೊರಗೆ ಬೋಳುತಲೆಯ, ಚೊಕ್ಕ ಬಟ್ಟೆಯ ಗಂಡಸೊಬ್ಬ. ಕೈಯಲ್ಲಿ ಅವಳದೇ ಪುಸ್ತಕ.

"ನೀವೇ ಅಲ್ವಾ ಬರೆದದ್ದು?" ಎಂದ. ದನಿ ಗಂಡನ ದನಿಯ ಹಾಗೆಯೇ ಇತ್ತು. ಯಾರೆಂದು ಅವಳಿಗೆ ಆಗಲೇ ಹೊಳೆಯಿತು. "ಓದಿದೆ. ಎಲ್ಲ ಒಂದೇ ಕಡೆಯಿಂದ ಬರೆದಿದ್ದೀರಿ. ಅವನ ಹೆಂಡತಿ ಎಂಥವಳು, ಅವನನ್ನ ಹೇಗೆ ಕೆಣಕುತ್ತಿದ್ದಳು ಅನ್ನೋದು ಒಂದು ಸಾಲೂ ಇಲ್ಲ."

"ಎಂಥವಳಾದ್ರೂ ಮೂಳೆ ಒಂದೇ ಥರ ಮುರಿಯೋದು ಭಾವ," ಎಂದಳು ಅವಳು.

ಭಾವ ಎಂಬ ಮಾತಿಗೆ ಅವನು ತಬ್ಬಿಬ್ಬಾದ. ಅಷ್ಟರಲ್ಲಿ ಅತ್ತೆ ದನಿ ಕೇಳಿ, ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಬಹಳ ಹೊತ್ತು ನೋಡಿದಳು. ಅವನೂ ಗೇಟಿನ ಆಚೆಯೇ ನಿಂತು ನೋಡಿದ.

"ಪೂರ್ತಿ ಓದಿದ್ಯಾ?" ಎಂದಳು ಅತ್ತೆ.

"ಓದಿದೆ. ನೀನು ನನ್ನನ್ನ ಕೊಲ್ತಿದ್ಯಾ ಅಮ್ಮ?"

"ಕೊಲ್ಲಬಾರದು ಅಂತಾನೇ ಆಚೆಗೆ ಹಾಕಿದ್ದು."

ಅವನು ಪುಸ್ತಕವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಒಳಗೆ ಬರಲಾ?" ಎಂದ.

"ನಿನ್ನ ಹೆಂಡತಿ ಹತ್ರ ಹೋಗಿದ್ಯಾ? ತಪ್ಪಾಯ್ತು ಅಂತ ಹೇಳಿದ್ಯಾ?"

"ಅಷ್ಟು ಹಳೇ ವಿಷಯ..."

"ಹಾಗಾದ್ರೆ ಬೇಡ," ಎಂದಳು ಅತ್ತೆ. ಸೊಸೆಯ ಕಡೆಗೆ ತಿರುಗಿ, "ಬಿಸಿಲಲ್ಲಿ ಬಂದಿದ್ದಾನೆ, ನೀರು ಕೊಡು," ಎಂದಳು.

ಎಕ್ಸ್‌ರೇ ಅಕ್ಕ ಗೇಟಿನ ಮೇಲಿನಿಂದ ನೀರಿನ ಚೊಂಬು ಕೊಟ್ಟಳು. ಅವನು ನಿಂತೇ ಕುಡಿದ, ಚೊಂಬು ವಾಪಸ್ ಕೊಟ್ಟ, ಬೀದಿಯ ತಿರುವಿನ ತನಕ ಹಿಂದೆ ನೋಡದೆ ಹೋದ. ಅತ್ತೆ ಅವನು ಕಾಣುವಷ್ಟು ಹೊತ್ತೂ ನಿಂತಿದ್ದು, ಆಮೇಲೆ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಸೊಸೆ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು.

"ಕೂದಲು ಒಂದೂ ಉಳಿದಿಲ್ಲ ಅವನಿಗೆ," ಎಂದಳು ಅತ್ತೆ. "ಅವರಪ್ಪನಿಗೆ ಕೊನೆ ತನಕ ಇತ್ತು."

ಅವಳು ಸದ್ದಿಲ್ಲದೆ ಅತ್ತಳು. ಅತ್ತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಒಳಗೆ ಕರೆಯಬೇಕಿತ್ತು ಎಂದು ಮಾತ್ರ ಹೇಳಲಿಲ್ಲ.

"ಇವರಿಗೆ ಹೇಳೋದಾ ಅತ್ತೆ, ಸಂಜೆ ಬಂದಾಗ?"

"ಹೇಳು. ನಿನ್ನ ನಾದಿನಿಗೂ ಫೋನು ಮಾಡಿ ಹೇಳು, ನಿಮ್ಮಣ್ಣ ಬಂದಿದ್ದ, ಅಮ್ಮ ಒಳಗೆ ಬಿಡಲಿಲ್ಲ ಅಂತ. ನಾನೇ ಮಾಡ್ತೀನಿ ಬೇಕಾದ್ರೆ. ಮತ್ತೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾಳೋ, ಈ ಸಲ ಯಾಕೆ ಅಂತ ಕೇಳ್ತಾಳೋ, ನೋಡೋಣ."

ಅತ್ತೆ ಸೊಸೆಯ ಭುಜದ ಮೇಲೆ ಭಾರ ಹಾಕಿ ಎದ್ದಳು. ಫೋನು ಒಳಗಿನ ಕೋಣೆಯಲ್ಲಿತ್ತು. ಅದನ್ನು ಕೈಗೆತ್ತಿಕೊಂಡು, ಕನ್ನಡಕವನ್ನು ಮೂಗಿಗೆ ಏರಿಸಿ, ಯಾರ ಸಹಾಯವೂ ಇಲ್ಲದೆ ಮಗಳ ನಂಬರು ಒತ್ತತೊಡಗಿದಳು.